ಡೆಸ್ಕ್‌ಟಾಪಿಗೆ ವೆಬ್‌ಕ್ಯಾಮ್: ದುಡ್ಡು ಹಾಕೋ ಮುಂಚೆ ಫೋಕಸ್ ನೋಡಿ

ಮೆಣಸಿನಕಾಯಿ ಗಿಡದ ಎಲೆ ಮೇಲಕ್ಕೆ ಮುದುರಿದ್ರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮುದುರಿದ್ರೆ ಮೈಟ್ ನುಸಿ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಹೊಡೀತೀವಿ, ಥ್ರಿಪ್ಸ್‌ಗೆ ದಾರಿಯೇ ಬೇರೆ. ವಿಡಿಯೊ ಕಾಲ್‌ನಲ್ಲಿ ಎಲೆ ಮಸುಕಾಗಿ ಕಂಡರೆ ಕೃಷಿ ವಿಜ್ಞಾನ ಕೇಂದ್ರದವರಾದರೂ ಏನು ಹೇಳ್ತಾರೆ? ಹಾಗಾಗಿ ಡೆಸ್ಕ್‌ಟಾಪಿಗೆ ವೆಬ್‌ಕ್ಯಾಮ್ ಹುಡುಕುವಾಗ ನಾನು ಮೊದಲು ನೋಡೋದು ಮೆಗಾಪಿಕ್ಸೆಲ್ ಅಲ್ಲ, ಆಟೋಫೋಕಸ್. ಕಡಿಮೆ ಬೆಲೆಯ ಬಹುಪಾಲು ಕ್ಯಾಮೆರಾಗಳದ್ದು ಫಿಕ್ಸೆಡ್ ಫೋಕಸ್. ಮುಖ ಚೆನ್ನಾಗಿ ಕಾಣುತ್ತೆ, ಹತ್ತಿರ ಹಿಡಿದ ಎಲೆ ಕಾಣಲ್ಲ.

ಹೊಂದಾಣಿಕೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ‘ಯುವಿಸಿ’ ಕ್ಯಾಮೆರಾ ಆದ್ರೆ ವಿಂಡೋಸ್ 10, 11, ಲಿನಕ್ಸ್ ಎಲ್ಲದರಲ್ಲೂ ಬೇರೆ ಡ್ರೈವರ್ ಹಾಕದೇ ನಡೆಯುತ್ತೆ. ಯುಎಸ್‌ಬಿ 2.0 ಪೋರ್ಟ್ ಸಾಕು. ಮೈಕ್ ಕ್ಯಾಮೆರಾದಲ್ಲೇ ಇದೆಯಾ ಅಂತ ಕೇಳಿ.

ನಿಜ ಹೇಳಬೇಕಂದ್ರೆ, ನಿಮ್ಮ ಫೋನಿನ ಹಿಂಬದಿ ಕ್ಯಾಮೆರಾನೇ ಇವಕ್ಕಿಂತ ವಾಸಿ. ಫೋನಿನಿಂದಲೇ ಕಾಲ್ ಮಾಡಬಹುದಲ್ಲ ಅಂತೀರಾ? ದೊಡ್ಡ ಸ್ಕ್ರೀನಿನಲ್ಲಿ ಮಣ್ಣು ಪರೀಕ್ಷೆ ವರದಿ ತೆರೆದಿಟ್ಟುಕೊಂಡು ಮಾತಾಡೋದೇ ಬೇರೆ. ಆಂಡ್ರಾಯ್ಡ್ 14 ಇರುವ ಕೆಲವು ಫೋನ್‌ಗಳಲ್ಲಿ, ಕೇಬಲ್ ಚುಚ್ಚಿದಾಗ ಬರುವ ಯುಎಸ್‌ಬಿ ಆಯ್ಕೆಗಳಲ್ಲೇ ‘ವೆಬ್‌ಕ್ಯಾಮ್’ ಇರುತ್ತೆ. ಇಲ್ಲದಿದ್ರೆ ಡ್ರಾಯ್ಡ್‌ಕ್ಯಾಮ್ ಆ್ಯಪನ್ನು ಫೋನಿಗೂ, ಅದರದ್ದೇ ಸಾಫ್ಟ್‌ವೇರನ್ನು ಕಂಪ್ಯೂಟರಿಗೂ ಹಾಕಿ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದೇ ಇರಲಿ, ಬರೀ ಚಾರ್ಜಿಂಗಿನದ್ದು ಆಗಲ್ಲ.