ಜೇಮ್ಸ್ ಡ್ವೈಟ್ ಡೇನಾ

ಜೇಮ್ಸ್ ಡ್ವೈಟ್ ಡೇನಾ (ಫೆಬ್ರುವರಿ 12, 1813 – ಏಪ್ರಿಲ್ 14, 1895) ಅಮೆರಿಕದ ಖನಿಜವಿಜ್ಞಾನಿ, ಭೂವಿಜ್ಞಾನಿ ಮತ್ತು ಪ್ರಾಣಿವಿಜ್ಞಾನಿ. ಖನಿಜಗಳನ್ನು ಅವುಗಳ ರಾಸಾಯನಿಕ ಘಟನೆ ಮತ್ತು ಹರಳಿನ ರಚನೆಗಳ ಆಧಾರದ ಮೇಲೆ ವರ್ಗೀಕರಿಸುವ ಪದ್ಧತಿ ನೆಲೆಗೊಳ್ಳಲು ಈತನ ಗ್ರಂಥ ಮುಖ್ಯ ಕಾರಣ.

ವಿದ್ಯಾಭ್ಯಾಸ

ಡೇನಾ ನ್ಯೂಯಾರ್ಕ್ ಸಂಸ್ಥಾನದ ಯೂಟಿಕಾದಲ್ಲಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದ. ಯೇಲ್ ಕಾಲೇಜಿನಲ್ಲಿ ಬೆಂಜಮಿನ್ ಸಿಲಿಮನ್ನನ ಶಿಷ್ಯನಾಗಿ 1833ರಲ್ಲಿ ವ್ಯಾಸಂಗ ಮುಗಿಸಿದ. ಅನಂತರ ನೌಕಾದಳದ ತರುಣರಿಗೆ ಗಣಿತ ಕಲಿಸುವ ಕೆಲಸ ಹಿಡಿದು ಮೆಡಿಟರೇನಿಯನ್ ಸಮುದ್ರದಲ್ಲಿ ಸಂಚರಿಸಿದ. ಆಗ ಕಂಡ ವೆಸೂವಿಯಸ್ ಜ್ವಾಲಾಮುಖಿಯ ವರ್ಣನೆಯೇ ಈತನ ಮೊದಲ ವೈಜ್ಞಾನಿಕ ಬರೆಹ. ಹಿಂದಿರುಗಿದ ಮೇಲೆ ಸಿಲಿಮನ್ನನ ಪ್ರಯೋಗಶಾಲೆಯಲ್ಲಿ ಸಹಾಯಕನಾದ. 1844ರಲ್ಲಿ ಗುರುವಿನ ಮಗಳು ಹೆನ್ರಿಯೆಟಾಳನ್ನು ವಿವಾಹವಾದ.

ಖನಿಜಗಳ ವರ್ಗೀಕರಣ

ಸಿಸ್ಟಂ ಆಫ್ ಮಿನರಾಲಜಿ ಎಂಬ ಬೃಹದ್ಗ್ರಂಥ 1837ರಲ್ಲಿ ಪ್ರಕಟವಾದಾಗ ಡೇನಾನಿಗೆ ಕೇವಲ 24 ವರ್ಷ. ಲಿನೀಯಸ್ ಸಸ್ಯಗಳಿಗೆ ಮಾಡಿದ್ದನ್ನು ಖನಿಜಗಳಿಗೂ ಮಾಡಬಹುದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಜರ್ಮನಿಯ ಫ್ರೀಡ್ರಿಶ್ ಮೋಸ್ ಹಾಕಿದ್ದ ಈ ದಾರಿಯನ್ನೇ ಡೇನಾ ಹಿಡಿದ. ಗಡಸುತನ, ಸಾಪೇಕ್ಷ ಸಾಂದ್ರತೆ, ಹರಳಿನ ಆಕಾರ ಮೊದಲಾದ ಲಕ್ಷಣಗಳಿಂದ ಖನಿಜಗಳನ್ನು ಗಣ, ಕುಲ, ಪ್ರಭೇದಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಎರಡು ಪದಗಳ ಲ್ಯಾಟಿನ್ ಹೆಸರನ್ನು ಕೊಟ್ಟ.

ಆದರೆ ಗಿಡಕ್ಕೆ ಬೀಜವುಂಟು, ವಂಶವುಂಟು, ಖನಿಜಕ್ಕೆ ಅಂಥದ್ದಿಲ್ಲ. ಸಸ್ಯಗಳ ಕುಲವೆಂಬ ಕಲ್ಪನೆಗಿರುವ ಅರ್ಥ ಕಲ್ಲಿನಲ್ಲಿ ದೊರೆಯುವುದಿಲ್ಲ. ರಸಾಯನವಿಜ್ಞಾನ ಬೆಳೆದಂತೆ ಖನಿಜದ ಘಟಕಾಂಶಗಳನ್ನು ಬದಿಗಿಟ್ಟ ವರ್ಗೀಕರಣ ಸಡಿಲವಾಗತೊಡಗಿತು. ಹಾಗೆಂದು ಘಟನೆಯೊಂದೇ ಸಾಲದು. ವಜ್ರ ಮತ್ತು ಗ್ರಾಫೈಟ್ ಎರಡೂ ಇಂಗಾಲವೇ ಆದರೂ ಹರಳಿನ ರಚನೆ ಬೇರೆಯಾದ್ದರಿಂದ ಒಂದು ಗಾಜನ್ನು ಕೊಯ್ಯುತ್ತದೆ, ಇನ್ನೊಂದು ಕಾಗದದ ಮೇಲೆ ಗೀಟಾಗುತ್ತದೆ.

1850ರ ಮೂರನೆಯ ಆವೃತ್ತಿಯಲ್ಲಿ ಡೇನಾ ತನ್ನ ಹಳೆಯ ಪದ್ಧತಿಯನ್ನು ತಾನೇ ಕೈಬಿಟ್ಟ. ಲ್ಯಾಟಿನ್ ಹೆಸರುಗಳೂ ಹೋದವು. ತನ್ನ ಕೀರ್ತಿಗೆ ಮೂಲವಾದ ಕಟ್ಟಡವನ್ನೇ ಕೆಡವಿ ಮತ್ತೆ ಕಟ್ಟಲು ಹೊರಟ ಈ ನಿರ್ಧಾರ ಸುಲಭದ್ದಾಗಿರಲಾರದು. 1854ರ ಆವೃತ್ತಿಯಲ್ಲಿ ರಾಸಾಯನಿಕ ಘಟನೆ ಮತ್ತು ಹರಳಿನ ರಚನೆ ಎರಡನ್ನೂ ಕೂಡಿಸಿದ ವ್ಯವಸ್ಥೆ ರೂಪುಗೊಂಡಿತು. ಧಾತುಗಳು, ಸಲ್ಫೈಡುಗಳು, ಆಕ್ಸೈಡುಗಳು, ಸಿಲಿಕೇಟುಗಳು ಎಂದು ಇಂದಿನ ವಿದ್ಯಾರ್ಥಿಗಳು ಕಲಿಯುವ ವಿಂಗಡಣೆ ಈ ಪರಂಪರೆಗೆ ಸೇರಿದ್ದು. 1892ರ ಆರನೆಯ ಆವೃತ್ತಿಯನ್ನು ಸಿದ್ಧಪಡಿಸಿದವ ಮಗ ಎಡ್ವರ್ಡ್ ಸ್ಯಾಲಿಸ್ಬರಿ ಡೇನಾ.

ಸಮುದ್ರಯಾನ

ಚಾರ್ಲ್ಸ್ ವಿಲ್ಕ್ಸ್ ನೇತೃತ್ವದಲ್ಲಿ 1838ರಲ್ಲಿ ಹೊರಟ ಅಮೆರಿಕ ಸರ್ಕಾರದ ಅನ್ವೇಷಣಾ ಯಾತ್ರೆಯಲ್ಲಿ ಡೇನಾ ಖನಿಜವಿಜ್ಞಾನಿಯೂ ಭೂವಿಜ್ಞಾನಿಯೂ ಆಗಿದ್ದ. 1841ರ ಜುಲೈನಲ್ಲಿ ಈತನಿದ್ದ ಪೀಕಾಕ್ ಹಡಗು ಕೊಲಂಬಿಯಾ ನದೀಮುಖದ ಮರಳದಿಬ್ಬದಲ್ಲಿ ಸಿಕ್ಕಿ ಒಡೆಯಿತು. ಜನರೆಲ್ಲ ಉಳಿದರು, ಸಂಗ್ರಹದ ಒಂದು ಭಾಗ ನೀರುಪಾಲಾಯಿತು. ಡೇನಾ ಆಮೇಲೆ ಭೂಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೊ ತಲಪಿದ.

ಸಮುದ್ರತಳ ಕುಸಿದಂತೆ ಹವಳ ಮೇಲಕ್ಕೆ ಬೆಳೆಯುವುದರಿಂದ ವರ್ತುಲಾಕಾರದ ಹವಳದ್ವೀಪಗಳು ಉಂಟಾಗುತ್ತವೆಂಬ ಚಾರ್ಲ್ಸ್ ಡಾರ್ವಿನ್ನನ ವಿಚಾರವನ್ನು ಡೇನಾ ಸಿಡ್ನಿಯಲ್ಲಿ ವೃತ್ತಪತ್ರಿಕೆಯೊಂದರಿಂದ ತಿಳಿದ. ಪೆಸಿಫಿಕ್ ದ್ವೀಪಗಳಲ್ಲಿ ಸಮುದ್ರ ಒಳನುಗ್ಗಿದ ಕಣಿವೆಗಳನ್ನು ತೋರಿಸಿ ಅದಕ್ಕೆ ಹೊಸ ಆಧಾರ ಒದಗಿಸಿದ. ಹವಾಯ್ ದ್ವೀಪಗಳು ವಾಯವ್ಯಕ್ಕೆ ಹೋದಂತೆ ಹೆಚ್ಚು ಸವೆದಿರುವುದನ್ನು ಗಮನಿಸಿ, ಅಲ್ಲಿನ ಜ್ವಾಲಾಮುಖಿಗಳು ಮೊದಲೇ ಆರಿಹೋಗಿರಬೇಕೆಂದು ಊಹಿಸಿದ.

ಯಾತ್ರೆಯ ವರದಿಗಳ ಬರವಣಿಗೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹವಳಜೀವಿಗಳು, ಭೂವಿಜ್ಞಾನ, ಏಡಿ ಸೀಗಡಿಗಳಂಥ ಕಠಿಣಚರ್ಮಿಗಳು ಎಂಬ ಮೂರು ವಿಷಯಗಳನ್ನೂ ಡೇನಾ ಒಬ್ಬನೇ ನಿರ್ವಹಿಸಿದ. ಇಷ್ಟಾದರೂ ಸರ್ಕಾರ ಅಧಿಕೃತವಾಗಿ ಮುದ್ರಿಸಿದ್ದು ತಲಾ ನೂರು ಪ್ರತಿಗಳನ್ನು ಮಾತ್ರ.

ಯೇಲ್ ಮತ್ತು ಕೊನೆಯ ವರ್ಷಗಳು

1850ರಲ್ಲಿ ಯೇಲ್‌ನಲ್ಲಿ ಪ್ರಾಧ್ಯಾಪಕನಾಗಿ ನೇಮಕಗೊಂಡ ಡೇನಾ, ಸಿಲಿಮನ್ ಸ್ಥಾಪಿಸಿದ್ದ ಅಮೆರಿಕನ್ ಜರ್ನಲ್ ಆಫ್ ಸೈನ್ಸ್ ಪತ್ರಿಕೆಯ ಸಂಪಾದಕತ್ವವನ್ನೂ ಹಲವು ದಶಕ ವಹಿಸಿದ್ದ. 1859ರಲ್ಲಿ ಅತಿಶ್ರಮದಿಂದ ಆರೋಗ್ಯ ಕೆಟ್ಟಿತು. ಅದೇ ವರ್ಷ ಹೊರಬಂದ ಡಾರ್ವಿನ್ನನ ಜೀವಿಸಂಕುಲಗಳ ಉಗಮದ ಗ್ರಂಥವನ್ನು ಓದಲು ಈತನಿಗೆ ಹಲವು ವರ್ಷ ಸಾಧ್ಯವಾಗಲಿಲ್ಲ. ದೈವಭಕ್ತನಾಗಿದ್ದ ಡೇನಾ ವಿಕಾಸವಾದವನ್ನು ಮೆಲ್ಲಮೆಲ್ಲನೆ, ತನ್ನದೇ ನಿಬಂಧನೆಗಳೊಡನೆ ಒಪ್ಪಿದ. 1873ರಲ್ಲಿ ಪರ್ವತಗಳ ಉಗಮ ಕುರಿತು ಮಂಡಿಸಿದ ಭೂಅಭಿನತಿಯ ಕಲ್ಪನೆ ಬಹುಕಾಲ ಬಳಕೆಯಲ್ಲಿದ್ದು, ಭೂಫಲಕ ಸಿದ್ಧಾಂತ ಬಂದ ಬಳಿಕ ಹಿಂದೆ ಸರಿಯಿತು.

1877ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈತನಿಗೆ ಕೋಪ್ಲಿ ಪದಕವನ್ನಿತ್ತಿತು. ಡೇನಲೈಟ್ ಖನಿಜಕ್ಕೆ ಈತನ ಹೆಸರನ್ನಿಡಲಾಗಿದೆ. ಮ್ಯಾನ್ಯುಯಲ್ ಆಫ್ ಜಿಯಾಲಜಿಯ ನಾಲ್ಕನೆಯ ಆವೃತ್ತಿ 1895ರಲ್ಲಿ ಪ್ರಕಟವಾಯಿತು. ಅದೇ ವರ್ಷ ನ್ಯೂ ಹೇವನ್‌ನಲ್ಲಿ ಡೇನಾ ನಿಧನನಾದ.