ಪ್ರಳಯದ ದಿನಾಂಕ ಎಣಿಸಿದವರು

ಲೋಕ ಮುಗಿಯುವ ದಿನಾಂಕಗಳಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. 1962ರ ಫೆಬ್ರುವರಿ ಮೊದಲ ವಾರ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಲಿವೆ, ಪ್ರಳಯ ಖಂಡಿತ ಎಂಬ ಸುದ್ದಿ ಹಬ್ಬಿ ದೇಶದ ಉದ್ದಗಲಕ್ಕೂ ಹೋಮಹವನಗಳು ನಡೆದವು. ಗ್ರಹಗಳು ಕೂಡಿದವು, ಚದುರಿದವು. ಅದೇ ತಿಂಗಳು ಮಹಾಚುನಾವಣೆಯೂ ಸುಸೂತ್ರವಾಗಿ ಮುಗಿಯಿತು. 1979ರಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುವ ಭಯ. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಬಿದ್ದವು. 2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗದ ಸರದಿ. ಮರುದಿನ ಬೆಳಿಗ್ಗೆ ಸೂರ್ಯ ಎಂದಿನಂತೆ ಮೂಡಿದ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರಿಗೆ ಇಂಥ ಮಾತು ಹೊಸದಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನ ಕಾಲಜ್ಞಾನ ಈ ಸೀಮೆಗೆಲ್ಲ ಪರಿಚಿತ. ಗಡಿಯಾಚೆಯಿಂದ ತೆಲುಗಿನ ವೀರಬ್ರಹ್ಮೇಂದ್ರರ ಕಾಲಜ್ಞಾನವೂ ಬಂದಿದೆ. ವಾಡಿ, ಶಹಾಬಾದಿನಂಥ ರೈಲು ಮತ್ತು ಸಿಮೆಂಟಿನ ಊರುಗಳ ಕ್ರೈಸ್ತ ಮನೆಗಳಲ್ಲಿ ಬೈಬಲಿನ ದಾನಿಯೇಲ ಹಾಗೂ ಪ್ರಕಟನೆ ಎಂಬ ಎರಡು ಪುಸ್ತಕಗಳು ಇದೇ ವಿಷಯದವು. ಮಗು ಮನೆಗೆ ಬಂದು, 'ಲೋಕ ಮುಗಿಯುತ್ತದಂತೆ, ನಿಜವೇ?' ಎಂದು ಕೇಳಿದರೆ ಹೆತ್ತವರು ಏನು ಹೇಳಬೇಕು? ಗದರಿಸಿ ಸುಮ್ಮನಿರಿಸುವುದು ಉತ್ತರವಲ್ಲ. ಆ ದಿನಾಂಕ ಎಲ್ಲಿಂದ ಬಂತು ಎಂದು ಲೆಕ್ಕ ಬಿಡಿಸಿ ತೋರಿಸುವುದು ಮೇಲು.

ಒಂದು ದಿನ ಎಂದರೆ ಒಂದು ವರ್ಷ

ಬೈಬಲಿನ ಈ ಪುಸ್ತಕಗಳಲ್ಲಿ ಅಂಕಿಗಳಿವೆ: 2300 ದಿನ, 1260 ದಿನ, 42 ತಿಂಗಳು, ಎಪ್ಪತ್ತು ವಾರ. ಅಂಕಿ ಕಂಡ ಕೂಡಲೇ ಮನುಷ್ಯನ ಕೈ ಪೆನ್ಸಿಲಿನ ಕಡೆ ಹೋಗುತ್ತದೆ. ತಿಂಗಳಿಗೆ 30 ದಿನದಂತೆ 42 ತಿಂಗಳೆಂದರೆ 1260 ದಿನ, ಅಂದರೆ ಮೂರೂವರೆ ವರ್ಷ. ಬೈಬಲಿನ ಬೇರೆ ಎರಡು ಕಡೆ ಒಂದು ದಿನವನ್ನು ಒಂದು ವರ್ಷವಾಗಿ ಎಣಿಸಿದ್ದಾರೆ. ಆ ಸೂತ್ರವನ್ನು ಇಲ್ಲಿಗೂ ಹಚ್ಚಿದರೆ 1260 ದಿನ 1260 ವರ್ಷವಾಗುತ್ತದೆ. ಇನ್ನು ಯಾವ ವರ್ಷದಿಂದ ಎಣಿಸಬೇಕು ಎಂಬುದಷ್ಟೇ ಪ್ರಶ್ನೆ. ತೊಡಕು ಇರುವುದೂ ಅಲ್ಲಿಯೇ.

ಅಮೆರಿಕದ ವಿಲಿಯಂ ಮಿಲ್ಲರ್ ಒಬ್ಬ ರೈತ. 1816ರಿಂದ ಎರಡು ವರ್ಷ, ಒಂದು ಬೈಬಲು ಮತ್ತು ಅದರ ಪದಸೂಚಿಯನ್ನಷ್ಟೇ ಇಟ್ಟುಕೊಂಡು ಒಬ್ಬನೇ ಕುಳಿತು ಅಭ್ಯಾಸ ಮಾಡಿದ. ಕ್ರಿಸ್ತಪೂರ್ವ 457ರಿಂದ 2300 ವರ್ಷ ಎಣಿಸಿ, ಕ್ರಿಸ್ತನ ಪುನರಾಗಮನ 1843ರ ಸುಮಾರಿಗೆ ಎಂದ. 2300ರಲ್ಲಿ 457 ಕಳೆದರೆ 1843 ತಾನೇ? ಆದರೆ ಕ್ರಿಸ್ತಪೂರ್ವ 1 ಮುಗಿದ ಕೂಡಲೇ ಕ್ರಿಸ್ತಶಕ 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಆದ್ದರಿಂದ ಉತ್ತರ 1844. ಸಂಖ್ಯಾರೇಖೆ ಕಲಿತ ವಿದ್ಯಾರ್ಥಿಗಳು ಇದನ್ನು ಗೆರೆ ಎಳೆದು ನೋಡಬಹುದು. ಲೆಕ್ಕ ತಿದ್ದಿದ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಎಷ್ಟೋ ರೈತರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಆ ದಿನ ಬಂತು, ಹೋಯಿತು. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ನ್ಯೂಟನ್ನನ ಎಚ್ಚರ

ಇದು ಓದುಬರಹ ಕಡಿಮೆ ಇದ್ದವರ ಹವ್ಯಾಸ ಎಂದು ನಗಬೇಡಿ. ಗುರುತ್ವಾಕರ್ಷಣೆಯ ನಿಯಮ ಕೊಟ್ಟ ಐಸಾಕ್ ನ್ಯೂಟನ್ ಧರ್ಮದ ಬಗ್ಗೆ ಬರೆದದ್ದು ಹತ್ತು ಲಕ್ಷ ಪದಗಳಿಗೂ ಹೆಚ್ಚು. ದಾನಿಯೇಲ ಮತ್ತು ಪ್ರಕಟನೆಗಳ ಮೇಲಿನ ಅವನ ಪುಸ್ತಕ ಅವನು ತೀರಿಹೋದ ಮೇಲೆ, 1733ರಲ್ಲಿ ಅಚ್ಚಾಯಿತು. ಅಚ್ಚಾಗದ ಕಾಗದಗಳು ಬಹುಕಾಲ ಒಂದು ಮನೆತನದಲ್ಲಿದ್ದು, 1936ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಅವುಗಳಲ್ಲಿ ದೊಡ್ಡದೊಂದು ಭಾಗ ಈಗ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಅದರಲ್ಲಿನ ಒಂದು ಹಾಳೆಯಲ್ಲಿ ನ್ಯೂಟನ್ ಕ್ರಿಸ್ತಶಕ 800ಕ್ಕೆ 1260 ಕೂಡಿಸಿ 2060 ಎಂದು ಬರೆದಿದ್ದಾನೆ. 2003ರಲ್ಲಿ ಪತ್ರಿಕೆಗಳು 'ನ್ಯೂಟನ್ ಹೇಳಿದ ಪ್ರಳಯ' ಎಂದು ದೊಡ್ಡ ಅಕ್ಷರಗಳಲ್ಲಿ ಹಾಕಿದವು. ಆದರೆ ಅದೇ ಹಾಳೆಯ ಮುಂದಿನ ಮಾತನ್ನು ಗಮನಿಸಿದವರು ಕಡಿಮೆ. ಅಂತ್ಯದ ಕಾಲವನ್ನು ಸಾಧಿಸಿ ತೋರಿಸಲು ಇದನ್ನು ಬರೆಯುತ್ತಿಲ್ಲ. ಪದೇ ಪದೇ ದಿನಾಂಕ ಹೇಳಿ ಸುಳ್ಳಾಗಿ ಪವಿತ್ರ ಗ್ರಂಥಕ್ಕೇ ಅಪಕೀರ್ತಿ ತರುವವರ ಬಾಯಿ ಮುಚ್ಚಿಸಲು ಬರೆಯುತ್ತಿದ್ದೇನೆ ಎಂಬುದು ಅದರ ಸಾರ. ಅವನ ಅಂತ್ಯವಾದರೂ ಭೂಮಿ ಸುಟ್ಟು ಬೂದಿಯಾಗುವುದಲ್ಲ, ಶಾಂತಿಯ ಹೊಸ ಯುಗದ ಆರಂಭ. ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ತಿಳಿಯದು ಎಂಬ ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲೇ ಇದೆ. ದಿನಾಂಕ ಕೇಳುವವನಿಗೆ ಆ ಗ್ರಂಥವೇ ಕೊಟ್ಟಿರುವ ಉತ್ತರವದು.

ಹಾಗಾದರೆ ಈ ಪುಸ್ತಕಗಳು ಯಾತಕ್ಕೆ? ದಾನಿಯೇಲನ ಪುಸ್ತಕ ಇಂದಿನ ರೂಪ ಪಡೆದದ್ದು ಕ್ರಿಸ್ತಪೂರ್ವ 167ರಿಂದ 164ರವರೆಗೆ ಯೆಹೂದ್ಯರ ಮೇಲೆ ನಡೆದ ದಬ್ಬಾಳಿಕೆಯ ಕಾಲದಲ್ಲಿ ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಪ್ರಕಟನೆ ರೋಮ್ ಆಳ್ವಿಕೆಯಲ್ಲಿ ನೊಂದ ಏಳು ಸಭೆಗಳಿಗೆ ಬರೆದ ಪತ್ರ. ಅದರ 666 ಎಂಬ ಅಂಕಿ, ಹೀಬ್ರೂ ಅಕ್ಷರಗಳಿಗೆ ಬೆಲೆ ಕಟ್ಟಿ ಕೂಡಿಸಿದರೆ ನೀರೋ ಚಕ್ರವರ್ತಿಯ ಹೆಸರಿಗೆ ಹೊಂದುತ್ತದೆ. ಸಂಕಟದಲ್ಲಿದ್ದವರಿಗೆ 'ಅನ್ಯಾಯಕ್ಕೂ ಒಂದು ಕೊನೆ ಇದೆ' ಎಂದು ಧೈರ್ಯ ಹೇಳುವುದೇ ಅವುಗಳ ಉದ್ದೇಶ. ಕೆಟ್ಟ ರಾಜ, ಕೆಟ್ಟ ಮಳೆ, ಕೆಟ್ಟ ನಡತೆಯನ್ನು ಮುಂದಾಗುವುದೆಂಬಂತೆ ಹೇಳಿ ಎಚ್ಚರಿಸುವ ಕಾಲಜ್ಞಾನದ ಮಾತುಗಳನ್ನೂ ಹಾಗೆಯೇ ಓದಬಹುದು.

ವಾಡಿಯ ನೆನಪು

ಭವಿಷ್ಯವಾಣಿಯನ್ನು ಯಾರಾದರೂ ತಮ್ಮ ಹೆಸರಿಗೆ ಬರೆದುಕೊಂಡಾಗ ವಿಷಯ ಬೇರೆಯಾಗುತ್ತದೆ. 1924ರಲ್ಲಿ ಸಿದ್ದೀಕ್ ಎಂಬವರು, ಕಾಲಜ್ಞಾನದಲ್ಲಿ ಹೇಳಿರುವ ಚನ್ನಬಸವೇಶ್ವರ ತಾವೇ ಎಂದು ಸಾರಿ ದೀನದಾರ್ ಅಂಜುಮನ್ ಪಂಥವನ್ನು ಕಟ್ಟಿದರು. ಅವರು ತೀರಿಕೊಂಡು ದಶಕಗಳೇ ಕಳೆದ ಮೇಲೆ, 2000ದ ಜೂನ್ 8ರಂದು ವಾಡಿಯ ಚರ್ಚೊಂದರಲ್ಲಿ ಬಾಂಬ್ ಸಿಡಿಯಿತು. ಮುಂದಿನ ತಿಂಗಳು ಹುಬ್ಬಳ್ಳಿ ಮತ್ತು ಬೆಂಗಳೂರಿನ ಚರ್ಚುಗಳಲ್ಲೂ ಸ್ಫೋಟಗಳಾದವು. ಆ ಪಂಥದ ಕೆಲವರು ತಪ್ಪಿತಸ್ಥರೆಂದು 2008ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕೆಲವರ ಅಪರಾಧವನ್ನು ಒಂದು ಧರ್ಮಕ್ಕೆ ಅಂಟಿಸುವುದು ತಪ್ಪು. ಆದರೆ 'ಶಾಸ್ತ್ರ ಹೇಳಿದ್ದು ನನ್ನನ್ನೇ' ಎನ್ನುವವನ ಹಿಂದೆ ಪ್ರಶ್ನೆ ಕೇಳದೆ ಹೋಗಬಾರದೆಂಬುದನ್ನು ಯಾವ ಮತದ ಮಕ್ಕಳೂ ಕಲಿಯಬೇಕು.

ಕಲ್ಲಿನಲ್ಲಿರುವ ಲೆಕ್ಕ

ನಿಜವಾದ ಯುಗಾಂತ್ಯವೊಂದರ ಗುರುತು ಈ ಸೀಮೆಯ ನೆಲದಲ್ಲೇ ಇದೆ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಸುಣ್ಣದಕಲ್ಲು, ಎರಡೂ ಅರವತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲೊಂದರ ತಳದಲ್ಲಿ ಪದರಪದರವಾಗಿ ಕೂತ ಕೆಸರು. ಉತ್ತರಕ್ಕೆ ಚಿಂಚೋಳಿ ಕಡೆ ಹೋದಂತೆ ಅದರ ಮೇಲೆ ಕಪ್ಪು ಶಿಲೆ ಕಾಣುತ್ತದೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾ. ಡೈನೋಸಾರ್‌ಗಳು ಅಳಿದದ್ದೂ ಅದೇ ಸುಮಾರಿಗೆ. ಮೆಕ್ಸಿಕೋದಲ್ಲಿ ಬಿದ್ದ ಆಕಾಶಕಾಯದ ಪಾಲೆಷ್ಟು, ಲಾವಾದ ಪಾಲೆಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಆ ಅಂತ್ಯದ ನಂತರ ಸಸ್ತನಿಗಳಿಗೆ ಕಾಲ ಬಂತು. ಆ ಲಾವಾ ಸವೆದು ಆದ ಎರೆಮಣ್ಣಿನಲ್ಲೇ ಇಂದು ತೊಗರಿ ಬೆಳೆಯುತ್ತಿದೆ.

ಸೂರ್ಯನ ಇಂಧನ ಮುಗಿಯಲು ಇನ್ನೂ ಸುಮಾರು 500 ಕೋಟಿ ವರ್ಷ ಬೇಕು. ಸುಮಾರು 100 ಕೋಟಿ ವರ್ಷಗಳಲ್ಲಿ ಅದರ ಶಾಖ ಹೆಚ್ಚಿ ಕಡಲುಗಳು ಆರುತ್ತವೆಂದು ಅಂದಾಜು. ಈ ಲೆಕ್ಕದ ಪ್ರತಿ ಹೆಜ್ಜೆಯನ್ನೂ ಬೇರೆಯವರು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಹೆತ್ತವರು ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿದರೆ ಸಾಕು. ಎಣಿಕೆ ಎಲ್ಲಿಂದ ಶುರುವಾಯಿತು, ಅಲ್ಲಿಂದಲೇ ಏಕೆ? ಹೇಳಿದ್ದು ಸುಳ್ಳಾದರೆ ಹೇಳಿದವರು ಒಪ್ಪುವರೇ, ದಿನಾಂಕವನ್ನಷ್ಟೇ ಮುಂದೂಡುವರೇ? ಇದನ್ನು ನಂಬಿಸುವುದರಿಂದ ಯಾರಿಗೆ ಲಾಭ? ದೇವರಲ್ಲಿ ನಂಬಿಕೆ ಇಟ್ಟವರೂ ಈ ಪ್ರಶ್ನೆಗಳನ್ನು ಕೇಳಬಹುದೆಂಬುದಕ್ಕೆ ನ್ಯೂಟನ್ನನೇ ಸಾಕ್ಷಿ.

ಇಂದು ಎಂಟನೇ ತರಗತಿಯಲ್ಲಿ ಓದುವ ಮಗು 2060ರಲ್ಲಿ ಐವತ್ತರ ಆಸುಪಾಸಿನಲ್ಲಿರುತ್ತದೆ. ಆ ಹೊತ್ತಿಗೆ ಪ್ರಳಯದ ಹೊಸ ದಿನಾಂಕಗಳು ಇನ್ನೆಷ್ಟು ಬಂದಿರುತ್ತವೋ! ಸದ್ಯಕ್ಕೆ ಆ ಮಗು ತಪ್ಪದೆ ನೆನಪಿಡಬೇಕಾದ ದಿನಾಂಕ ಒಂದೇ, ವಾರ್ಷಿಕ ಪರೀಕ್ಷೆಯದು.