ನ್ಯಾಯಾಧಿಕರಣಗಳ ವಿಲೀನವೂ ಬ್ಯಾಂಕ್ ನೌಕರನ ವ್ಯಾಜ್ಯವೂ

ಬ್ಯಾಂಕ್ ಮುಷ್ಕರದ ಕರೆ ಹೊರಬಿದ್ದಾಗಲೆಲ್ಲ ಪತ್ರಿಕಾ ವರದಿಯ ಕೊನೆಯಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ನಡೆದ ಮಾತುಕತೆ ಫಲಕಾರಿಯಾಗಲಿಲ್ಲ ಎಂಬುದೇ ಆ ವಾಕ್ಯ. ನಾಳೆ ಬ್ಯಾಂಕು ತೆರೆದಿರುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡಿಕೊಂಡು ಓದುಗರು ಪುಟ ಮಗುಚುತ್ತಾರೆ. ಈ ಆಯುಕ್ತರು ಯಾರು, ಅಲ್ಲಿ ಮುರಿದುಬಿದ್ದ ಮಾತು ಮುಂದೆ ಎಲ್ಲಿಗೆ ಹೋಗುತ್ತದೆ, ಆ ವ್ಯವಸ್ಥೆಗೆ ಹಣ ಕೊಡುವವರು ಯಾರು ಎಂಬ ವಿಷಯ ಬ್ಯಾಂಕಿನಲ್ಲಿಯೇ ದಶಕಗಳನ್ನು ಕಳೆದ ನಮ್ಮಂಥವರಲ್ಲಿಯೂ ಅನೇಕರಿಗೆ ಸ್ಪಷ್ಟವಾಗಿಲ್ಲ. ಮುಂಬಯಿಯ ಕನ್ನಡಿಗರಲ್ಲಿ ಬ್ಯಾಂಕು, ವಿಮೆ, ರೈಲ್ವೆ, ಬಂದರುಗಳ ನೌಕರಿಯನ್ನು ನೆಚ್ಚಿದವರು ಬಹಳ. ಆ ಕಾರಣಕ್ಕಾಗಿ ಈ ವಿಷಯವನ್ನು ಕೊಂಚ ಬಿಡಿಸಿ ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಕಾರ್ಮಿಕ ವಿವಾದಗಳು ನಮ್ಮ ದೇಶದಲ್ಲಿ ಎರಡು ಸರಕಾರಗಳ ನಡುವೆ ಹಂಚಿಹೋಗಿವೆ. ಹೋಟೆಲು, ಗಿರಣಿ, ಅಂಗಡಿಗಳ ನೌಕರರ ತಕರಾರು ರಾಜ್ಯ ಸರಕಾರದ ಕಾರ್ಮಿಕ ಇಲಾಖೆಗೆ ಸೇರಿದ್ದು. ಬ್ಯಾಂಕು, ಜೀವವಿಮೆ, ಗಣಿ, ರೈಲ್ವೆ, ಪ್ರಮುಖ ಬಂದರು ಮೊದಲಾದವುಗಳ ವಿವಾದ ಕೇಂದ್ರ ಸರಕಾರದ್ದು. ಕೇಂದ್ರದ ಪಾಲಿನ ಕೆಲಸಕ್ಕಾಗಿ 1945ರಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಸಂಘಟನೆ ಹುಟ್ಟಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಈ ಅಧಿಕಾರಿಗಳ ಕೆಲಸ ತೀರ್ಪು ಕೊಡುವುದಲ್ಲ, ಎರಡೂ ಕಡೆಯವರನ್ನು ಒಂದೇ ಮೇಜಿನ ಮುಂದೆ ಕೂರಿಸಿ ರಾಜಿ ಮಾಡಿಸುವುದು. ರಾಜಿ ಆಗದಿದ್ದರೆ ಅವರು ಸರಕಾರಕ್ಕೆ ವರದಿ ಕಳುಹಿಸಬೇಕು, ಸರಕಾರ ಒಪ್ಪಿದರೆ ವಿವಾದವನ್ನು ಕೇಂದ್ರ ಸರಕಾರಿ ಕೈಗಾರಿಕಾ ನ್ಯಾಯಾಧಿಕರಣಕ್ಕೆ ಒಪ್ಪಿಸಬೇಕು. ಹಳೆಯ ಕಾಯಿದೆಯ ಕ್ರಮ ಇದಾಗಿತ್ತು. ಇಂಥ ನ್ಯಾಯಾಧಿಕರಣಗಳು ದೇಶಕ್ಕೆಲ್ಲ ಇಪ್ಪತ್ತೆರಡು. ಮುಂಬಯಿಯಲ್ಲಿ ಎರಡು ಇವೆ. ಕರ್ನಾಟಕಕ್ಕೆ ಇರುವುದು ಒಂದೇ, ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ. ಬೀದರಿನ ಬ್ಯಾಂಕ್ ಜವಾನನೂ ಅಲ್ಲಿಗೇ ಹೋಗಬೇಕು.

ಸಿವಿಲ್ ನ್ಯಾಯಾಲಯ ಕೊಡಲಾರದ ಪರಿಹಾರವೊಂದನ್ನು ಈ ನ್ಯಾಯಾಧಿಕರಣ ಕೊಡಬಲ್ಲುದು. ವಜಾಗೊಂಡವನನ್ನು ಹಿಂದಿನ ವೇತನದೊಂದಿಗೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಅದು ಆಜ್ಞಾಪಿಸಬಹುದು. 1971ರ ತಿದ್ದುಪಡಿಯ ಬಳಿಕ, ಅಪರಾಧ ಸಾಬೀತಾಗಿದ್ದರೂ ಶಿಕ್ಷೆ ವಿಪರೀತವಾಯಿತೆಂದು ಕಂಡರೆ ಅದನ್ನು ಇಳಿಸುವ ಅಧಿಕಾರವೂ ದೊರೆಯಿತು. ವ್ಯಾಜ್ಯ ಹೂಡಲು ನ್ಯಾಯಾಲಯ ಶುಲ್ಕವಿಲ್ಲ. ಎದುರು ಪಕ್ಷದ ಸಮ್ಮತಿಯಿಲ್ಲದೆ ವಕೀಲರು ಬರುವಂತಿಲ್ಲವಾದ್ದರಿಂದ ಎಷ್ಟೋ ಪ್ರಕರಣಗಳನ್ನು ಸಂಘದ ಕಾರ್ಯಕರ್ತರೇ ವಾದಿಸಿ ಗೆದ್ದಿದ್ದಾರೆ. ಆದರೆ ಈ ಬಾಗಿಲು ಗುಮಾಸ್ತ, ಕ್ಯಾಷಿಯರ್, ಜವಾನರಿಗೆ ಮಾತ್ರ. ಅಧಿಕಾರಿ ವರ್ಗದವರು ರಿಟ್ ಅರ್ಜಿ ಹಿಡಿದು ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಬಡ್ತಿಯ ಆದೇಶ ಕೈಗೆ ಬಂದ ದಿನ ಪೇಢೆ ಹಂಚುವ ಸಂಭ್ರಮದಲ್ಲಿ ಇದು ಯಾರ ನೆನಪಿಗೂ ಬರುವುದಿಲ್ಲ.

ಇಂಥ ನ್ಯಾಯಪೀಠದಲ್ಲಿ ಒಂದು ಕುರ್ಚಿ ಖಾಲಿಯಾದರೆ ಏನಾಗುತ್ತದೆಂಬುದಕ್ಕೆ ಬ್ಯಾಂಕ್ ನೌಕರರ ಚರಿತ್ರೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. ದೇಶದ ಬ್ಯಾಂಕುಗಳ ವೇತನ ಮತ್ತು ಸೇವಾ ಷರತ್ತುಗಳನ್ನು ನಿರ್ಣಯಿಸಲು 1949ರಲ್ಲಿ ಕೇಂದ್ರ ಸರಕಾರ ಕೆ.ಸಿ. ಸೇನ್ ಅವರ ಅಧ್ಯಕ್ಷತೆಯಲ್ಲಿ ಮೂವರು ಸದಸ್ಯರ ಅಖಿಲ ಭಾರತ ನ್ಯಾಯಾಧಿಕರಣವನ್ನು ನೇಮಿಸಿತು. ವಿಚಾರಣೆ ನಡೆಯುತ್ತಿರುವಾಗಲೇ ಅದರ ಸದಸ್ಯರೊಬ್ಬರನ್ನು ಭಾರತ-ಪಾಕಿಸ್ತಾನ ಗಡಿ ವಿವಾದದ ಕೆಲಸಕ್ಕೆ ಕಳುಹಿಸಲಾಯಿತು. 1949ರ ನವೆಂಬರಿನಿಂದ 1950ರ ಫೆಬ್ರವರಿಯ ತನಕ ಉಳಿದಿಬ್ಬರೇ ಕುಳಿತು ಸಾಕ್ಷ್ಯ ಕೇಳಿದರು. ಹೋದವರು ಮರಳಿದರು, ಮೂವರೂ ಸಹಿ ಹಾಕಿದರು, 1950ರಲ್ಲಿ ಐತೀರ್ಪು ಪ್ರಕಟವಾಯಿತು. ಬ್ಯಾಂಕುಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಮೂವರ ಪೀಠದಲ್ಲಿ ಇಬ್ಬರೇ ಕುಳಿತು ಮಾಡಿದ ವಿಚಾರಣೆಗೆ ಅಧಿಕಾರವ್ಯಾಪ್ತಿಯೇ ಇರಲಿಲ್ಲವೆಂದು ಹೇಳಿ 1951ರ ಏಪ್ರಿಲಿನಲ್ಲಿ ಆ ನ್ಯಾಯಾಲಯ ಐತೀರ್ಪನ್ನು ಇಡಿಯಾಗಿ ಅನೂರ್ಜಿತಗೊಳಿಸಿತು. ಸಾವಿರಾರು ಸಂಸಾರಗಳು ಆಸೆಯಿಂದ ಎದುರು ನೋಡಿದ ವೇತನ ಒಬ್ಬ ಸದಸ್ಯರ ಮೂರು ತಿಂಗಳ ಗೈರುಹಾಜರಿಯಿಂದಾಗಿ ಕೈತಪ್ಪಿತು.

ಮುಂದಿನ ಕತೆಯೂ ಸರಳವಲ್ಲ. ಹೊಸದಾಗಿ ನೇಮಕವಾದ ಶಾಸ್ತ್ರಿ ನ್ಯಾಯಾಧಿಕರಣ 1953ರಲ್ಲಿ ಐತೀರ್ಪು ಕೊಟ್ಟಿತು. ಅದರ ಮೇಲಿನ ಮೇಲ್ಮನವಿಯನ್ನು 1950ರ ಕಾಯಿದೆಯಿಂದ ಹುಟ್ಟಿದ್ದ ಕಾರ್ಮಿಕ ಮೇಲ್ಮನವಿ ನ್ಯಾಯಾಧಿಕರಣ 1954ರಲ್ಲಿ ತೀರ್ಮಾನಿಸಿತು. ಆ ತೀರ್ಮಾನವನ್ನು ಸರಕಾರವೇ ಮಾರ್ಪಡಿಸಿದಾಗ ಅಂದಿನ ಕಾರ್ಮಿಕ ಸಚಿವ ವಿ.ವಿ. ಗಿರಿಯವರು ಒಪ್ಪದೆ ರಾಜೀನಾಮೆ ಕೊಟ್ಟು ಹೊರನಡೆದರು. ಬ್ಯಾಂಕ್ ನೌಕರರ ನಿಮಿತ್ತ ಕೇಂದ್ರ ಸಚಿವರೊಬ್ಬರು ಅಧಿಕಾರ ತೊರೆದ ಆ ಘಟನೆಯನ್ನು ನನಗೆ ಸಂಘದ ಹಿರಿಯರು ಹೇಳಿದ್ದರು. ಈಗಿನ ಎಳೆಯರಿಗೆ ಹೇಳಿದರೆ ನಂಬುವುದೇ ಕಷ್ಟ. ಆ ಮೇಲ್ಮನವಿ ನ್ಯಾಯಾಧಿಕರಣವಾದರೂ ಬಹುಕಾಲ ಬಾಳಲಿಲ್ಲ. ವಿಳಂಬಕ್ಕೆ ಕಾರಣವೆಂಬ ದೂರು ಬಂದು, 1956ರ ತಿದ್ದುಪಡಿಯಲ್ಲಿ ಅದು ರದ್ದಾಯಿತು. ಅಂದರೆ ಕಾರ್ಮಿಕ ನ್ಯಾಯದ ಸಂಸ್ಥೆಗಳನ್ನು ಕೂಡಿಸುವುದು, ಕಳೆಯುವುದು ಇಂದು ನಿನ್ನೆಯ ಹವ್ಯಾಸವಲ್ಲ.

ನಮ್ಮ ಕಾಲದ ದೊಡ್ಡ ವಿಲೀನ ನಡೆದದ್ದು 2017ರಲ್ಲಿ. ವಿಲೀನವೆಂಬ ಶಬ್ದ ಕೇಳಿದರೆ ಕರಾವಳಿಯ ಬ್ಯಾಂಕ್ ನೌಕರರಿಗೆ ಮೊದಲು ನೆನಪಾಗುವುದು 2019 ಮತ್ತು 2020ರ ಏಪ್ರಿಲ್ ಒಂದನೆಯ ತಾರೀಕುಗಳು. ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳ ಫಲಕಗಳು ಇಳಿದ ದಿನಗಳವು. ಅದಕ್ಕೂ ಮುನ್ನ, ಸದ್ದಿಲ್ಲದೆ, 2017ರ ಹಣಕಾಸು ಅಧಿನಿಯಮದ ಮೂಲಕ ದೇಶದ ನ್ಯಾಯಾಧಿಕರಣಗಳನ್ನು ಇಪ್ಪತ್ತಾರರಿಂದ ಹತ್ತೊಂಬತ್ತಕ್ಕೆ ಇಳಿಸಲಾಯಿತು. ದೆಹಲಿಯಲ್ಲಿ ಕೇಂದ್ರವಿದ್ದ ನೌಕರರ ಭವಿಷ್ಯ ನಿಧಿ ಮೇಲ್ಮನವಿ ನ್ಯಾಯಾಧಿಕರಣವು ಆ ವರ್ಷದ ಮೇ 26ರಿಂದ ಕೈಗಾರಿಕಾ ನ್ಯಾಯಾಧಿಕರಣದಲ್ಲಿ ಲೀನವಾಯಿತು. ಆಯವ್ಯಯದ ಭಾಗವಾಗಿ, ಧನವಿಧೇಯಕದ ರೂಪದಲ್ಲಿ ಅಂಗೀಕಾರವಾದ ಕಾರಣ ರಾಜ್ಯಸಭೆಗೆ ಅದನ್ನು ತಡೆಯುವ ಅಧಿಕಾರವಿರಲಿಲ್ಲ.

ಈ ವಿಲೀನವನ್ನು ಒಂದೇ ಉಸಿರಿನಲ್ಲಿ ದೂಷಿಸುವುದು ನ್ಯಾಯವಲ್ಲ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ನಮ್ಮ ಉಡುಪಿ ಹೋಟೆಲಿನ ಮಾಲೀಕರನ್ನೇ ತೆಗೆದುಕೊಳ್ಳಿ. ಭವಿಷ್ಯ ನಿಧಿಯ ಬಾಕಿಯೆಂದು ಅಧಿಕಾರಿಗಳು ಆದೇಶ ಹೊರಡಿಸಿದರೆ ಅದರ ವಿರುದ್ಧ ದೆಹಲಿಯ ದಾರಿ ಹಿಡಿಯಬೇಕಾಗಿದ್ದವರು ವಿಲೀನದ ಬಳಿಕ ಮುಂಬಯಿಯಲ್ಲಿಯೇ ಮೇಲ್ಮನವಿ ಸಲ್ಲಿಸುವಂತಾಯಿತು. ರೈಲಿನ ಖರ್ಚು, ಲಾಡ್ಜಿನ ಬಾಡಿಗೆ, ಅಂಗಡಿ ಬಿಟ್ಟುಹೋಗುವ ನಷ್ಟ ಎಲ್ಲವೂ ಉಳಿದವು. ಇದು ನಿಜವಾದ ಅನುಕೂಲ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲಿದೆ. ಭವಿಷ್ಯ ನಿಧಿಯ ಮೇಲ್ಮನವಿ ಬೇರೆ ಜಾತಿಯ ವ್ಯಾಜ್ಯ. ಅಲ್ಲಿ ಕಾಗದಪತ್ರ, ಲೆಕ್ಕ, ಬಡ್ಡಿ, ದಂಡಗಳ ಪ್ರಶ್ನೆ. ತಡೆಯಾಜ್ಞೆಗಾಗಿ ಮಾಲೀಕರು ಆತುರದಲ್ಲಿರುತ್ತಾರೆ. ವಜಾ ಪ್ರಕರಣದಲ್ಲಿಯಾದರೋ ಸಾಕ್ಷಿಗಳನ್ನು ಕರೆಯಿಸಿ, ಪಾಟೀಸವಾಲು ಮಾಡಿಸಿ, ಇಲಾಖಾ ವಿಚಾರಣೆ ನ್ಯಾಯಸಮ್ಮತವಾಗಿ ನಡೆದಿತ್ತೇ ಎಂದು ತೂಗಿ ನೋಡಬೇಕು. ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗ ನ್ಯಾಯಾಧಿಕರಣಗಳ ಸಂಖ್ಯೆ ಮಾತ್ರ ಇಪ್ಪತ್ತೆರಡರಲ್ಲಿಯೇ ನಿಂತಿತು. ಇಡೀ ದೇಶದ ಮೇಲ್ಮನವಿಗಳು ಹಂಚಿಕೆಯಾಗಿ ಬಂದವು, ಕೇಳುವ ಅಧಿಕಾರಿ ಅದೇ ಒಬ್ಬರು. ಅವರ ಅವಧಿ ಮುಗಿದು ಹೊಸಬರ ನೇಮಕವಾಗದಿದ್ದರೆ ಬೇರೆ ಊರಿನ ಅಧಿಕಾರಿಗೆ ಹೆಚ್ಚುವರಿ ಪ್ರಭಾರ. ಅವರು ಬಂದ ದಿನ ವಿಚಾರಣೆ, ಬಾರದ ದಿನ ಮುಂದಿನ ತಾರೀಕು.

ನನಗೆ ಪರಿಚಿತನಾದ ಬದಲಿ ಜವಾನನೊಬ್ಬನಿದ್ದಾನೆ. ಯಾವ ಬ್ಯಾಂಕೆಂಬುದು ಇಲ್ಲಿ ಅಪ್ರಸ್ತುತ. ದಿನಗೂಲಿಯ ಮೇಲೆ ವರ್ಷಗಟ್ಟಲೆ ಶಾಖೆಯ ಬೀಗ ತೆಗೆದು, ನೀರು ತುಂಬಿಸಿ, ಲೆಡ್ಜರು ಹೊತ್ತವನನ್ನು ಒಂದು ಬೆಳಿಗ್ಗೆ ಬಾಯಿಮಾತಿನಲ್ಲಿ ಮನೆಗೆ ಕಳುಹಿಸಿದರು. ತಾರೀಕು ಇದ್ದ ದಿನ ಬೇರೆಡೆಯ ಕೂಲಿ ಬಿಟ್ಟು ಹೋಗುತ್ತಿದ್ದ. ಸಂಜೆ ಫೋನು ಮಾಡಿ, "ಸಾರ್, ಈ ಸಲವೂ ಸಾಹೇಬರ ನೇಮಕ ಆಗಿಲ್ಲವಂತೆ, ಗೋಡೆಗೆ ಪಟ್ಟಿ ಅಂಟಿಸಿದ್ದಾರೆ" ಎನ್ನುತ್ತಿದ್ದ. ಬ್ಯಾಂಕಿನ ಪರವಾಗಿ ಬರುವ ಅಧಿಕಾರಿಗೆ ಆ ದಿನವೂ ಸಂಬಳವಿದೆ, ಪ್ರಯಾಣ ಭತ್ಯೆಯೂ ಇದೆ. ಖಾಲಿ ಕುರ್ಚಿಯ ಖರ್ಚೆಲ್ಲ ಬಿದ್ದದ್ದು ಇವನ ಮೇಲೆ. ವಿಲೀನದ ಉಳಿತಾಯವನ್ನು ಲೆಕ್ಕ ಹಾಕುವ ಯಾವ ಕಡತದಲ್ಲಿಯೂ ಈ ಬಾಬ್ತು ಕಾಣುವುದಿಲ್ಲ. ಸರಕಾರ ಕಟ್ಟಡದ ಬಾಡಿಗೆ ಉಳಿಸಿತು, ಆದರೆ ಇಂಥ ಸಂಸ್ಥೆ ನಿಲ್ಲುವುದು ತುಂಬಿದ ಕುರ್ಚಿಯ ಮೇಲೆ ಎಂಬುದು ಲೆಕ್ಕ ಬರೆಯುವ ವೃತ್ತಿಯಲ್ಲಿರುವ ನನಗೆ ತೋರುವ ಮಾತು.

ಇನ್ನು ಹಣದ ವಿಚಾರ. ಈ ನ್ಯಾಯಾಧಿಕರಣಗಳಿಗೆ ಅನುದಾನ ಬರುವುದು ಕೇಂದ್ರ ಕಾರ್ಮಿಕ ಸಚಿವಾಲಯದಿಂದ. ಸಿಬ್ಬಂದಿ, ಕಚೇರಿಗಳೂ ಅಲ್ಲಿಂದಲೇ. ಸರಕಾರಿ ಬ್ಯಾಂಕುಗಳ ಒಡೆಯ ಹಣಕಾಸು ಸಚಿವಾಲಯ. ಕಚೇರಿಗಳು ಬೇರೆಯಾದರೂ ಒಡೆತನ ಒಂದೇ ಸರಕಾರದ್ದು. ವ್ಯಾಜ್ಯದ ಒಂದು ಪಕ್ಷವೇ ನ್ಯಾಯಪೀಠದ ಖರ್ಚುವೆಚ್ಚ ನೋಡಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಎಲ್ಲ ನ್ಯಾಯಾಧಿಕರಣಗಳ ಬಗೆಗೂ ಇದೆ. ಎಲ್ಲವನ್ನೂ ಒಂದೇ ಸಚಿವಾಲಯದ ಮೇಲ್ವಿಚಾರಣೆಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿಯೇ ಸೂಚಿಸಿತ್ತು. ಮಾತೃ ಸಚಿವಾಲಯದಿಂದ ಸೌಲಭ್ಯ ಪಡೆಯುವ ಪದ್ಧತಿ ನಿಲ್ಲಬೇಕೆಂದು 2010ರಲ್ಲಿ ಹೇಳಿತು. 2020ರಲ್ಲಿ ನೇಮಕ ಮತ್ತು ಆಡಳಿತವನ್ನು ನೋಡಿಕೊಳ್ಳಲು ರಾಷ್ಟ್ರೀಯ ನ್ಯಾಯಾಧಿಕರಣ ಆಯೋಗವನ್ನು ರಚಿಸಿರೆಂದು ನಿರ್ದೇಶಿಸಿತು. ಸದಸ್ಯರ ಅವಧಿಯನ್ನು ನಾಲ್ಕು ವರ್ಷಕ್ಕೆ ಮಿತಗೊಳಿಸಿದ ಸುಗ್ರೀವಾಜ್ಞೆಯ ವಿಧಿಗಳು 2021ರ ಜುಲೈಯಲ್ಲಿ ರದ್ದಾದವು. ಮರುತಿಂಗಳೇ ಸಂಸತ್ತು ಅವನ್ನೇ ಕಾಯಿದೆಯಾಗಿ ಮತ್ತೆ ತಂದಿತು. 2025ರ ನವೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯ ಆ ವಿಧಿಗಳನ್ನೂ ರದ್ದುಗೊಳಿಸಿ, ಆಯೋಗದ ರಚನೆಗೆ ನಾಲ್ಕು ತಿಂಗಳ ಗಡುವು ಕೊಟ್ಟಿತು. ಈ ಹಗ್ಗಜಗ್ಗಾಟದ ವರ್ಷಗಳಲ್ಲಿ ನೇಮಕಗಳು ಸಕಾಲದಲ್ಲಿ ಆಗದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ಆ ತೀರ್ಪು ಬಂದ ಎರಡನೆಯ ದಿನ, ಅಂದರೆ 2025ರ ನವೆಂಬರ್ 21ರಂದು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. 1947ರ ಕಾಯಿದೆ ಮುಗಿಯಿತು. ಸಂಹಿತೆ ಇನ್ನೊಂದು ಬಗೆಯ ವಿಲೀನವನ್ನು ಮಾಡುತ್ತದೆ. ಕಾರ್ಮಿಕ ನ್ಯಾಯಾಲಯವೆಂಬ ಪ್ರತ್ಯೇಕ ಸಂಸ್ಥೆ ಇರುವುದಿಲ್ಲ, ಎಲ್ಲವೂ ಕೈಗಾರಿಕಾ ನ್ಯಾಯಾಧಿಕರಣದ ಪಾಲಿಗೆ. ಆ ನ್ಯಾಯಾಧಿಕರಣದಲ್ಲಿ ನ್ಯಾಯಿಕ ಸದಸ್ಯರೊಬ್ಬರು, ಆಡಳಿತ ಸದಸ್ಯರೊಬ್ಬರು. ಕೆಲಸದಿಂದ ವಜಾ, ಮುಷ್ಕರದ ಸಕ್ರಮತೆ, ಕಾರ್ಖಾನೆ ಮುಚ್ಚುವಿಕೆಗಳಂಥ ಗಂಭೀರ ವಿಷಯಗಳನ್ನು ಇಬ್ಬರೂ ಕೂಡಿ ಕೇಳಬೇಕು. ಅಭಿಪ್ರಾಯಭೇದ ಬಂದರೆ ಆ ಅಂಶವನ್ನು ಸಂಬಂಧಪಟ್ಟ ಸರಕಾರಕ್ಕೆ ತಿಳಿಸಬೇಕು, ಸರಕಾರ ಬೇರೊಂದು ನ್ಯಾಯಾಧಿಕರಣದ ನ್ಯಾಯಿಕ ಸದಸ್ಯರನ್ನು ನೇಮಿಸುತ್ತದೆ. ಸರಕಾರಿ ಬ್ಯಾಂಕಿನ ನೌಕರನ ಪ್ರಕರಣದಲ್ಲಿ ಆ ಸರಕಾರ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಒಂದು ಕುರ್ಚಿಯನ್ನು ಸಕಾಲದಲ್ಲಿ ತುಂಬಲಾಗದ ವ್ಯವಸ್ಥೆ ಇನ್ನು ಎರಡನ್ನು ತುಂಬಬೇಕು. 1951ರ ತೀರ್ಪನ್ನು ಓದಿದವರಿಗೆ ಇದರಲ್ಲಿ ಅಳುಕು ಸಹಜ. ಹೊಸ ನ್ಯಾಯಾಧಿಕರಣಗಳು ರಚನೆಯಾಗುವ ತನಕ ಹಳೆಯವೇ ಮುಂದುವರಿಯಬೇಕೆಂದು ಸರಕಾರ 2025ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತು.

ಸಂಹಿತೆಯ ಒಂದು ಒಳ್ಳೆಯ ಅಂಶವನ್ನು ಹೇಳದಿದ್ದರೆ ಪಕ್ಷಪಾತವಾದೀತು. ಹಿಂದೆ ರಾಜಿ ವಿಫಲವಾದ ಮೇಲೆ ವಿವಾದವನ್ನು ಒಪ್ಪಿಸುವುದೋ ಬಿಡುವುದೋ ಎಂದು ಸರಕಾರ ನಿರ್ಧರಿಸುತ್ತಿತ್ತು. ಕಡತ ದೆಹಲಿಗೆ ಹೋಗಿ ಬರುವಷ್ಟರಲ್ಲಿ ವರ್ಷಗಳುರುಳಿದ್ದುಂಟು. ವಜಾಗೊಂಡ ವ್ಯಕ್ತಿ ನೇರವಾಗಿ ಹೋಗುವ ಅವಕಾಶ 2010ರಲ್ಲಿ ದೊರೆಯಿತು. ಸಂಹಿತೆಯಲ್ಲಿ ಎಲ್ಲ ವಿವಾದಗಳಿಗೂ ಆ ದಾರಿ ತೆರೆದಿದೆ. ರಾಜಿ ಅಧಿಕಾರಿಯ ವರದಿ ಕೈಸೇರಿದ 90 ದಿನಗಳೊಳಗೆ ಅರ್ಜಿ ಹಾಕಬಹುದು.

ಅವಧಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ವಜಾಗೊಂಡವನು ನ್ಯಾಯಾಧಿಕರಣಕ್ಕೆ ಹೋಗಲು ಹಳೆಯ ಕಾಯಿದೆಯಲ್ಲಿ ಮೂರು ವರ್ಷಗಳ ಕಾಲಾವಕಾಶವಿತ್ತು. ಸಂಹಿತೆಯ ಪ್ರಕಾರ ವಿವಾದ ಹುಟ್ಟಿ ಎರಡು ವರ್ಷಗಳಾದ ಮೇಲೆ ರಾಜಿ ಅಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಮೇಲಧಿಕಾರಿಗಳಿಗೆ ಮನವಿಯ ಮೇಲೆ ಮನವಿ ಬರೆಯುತ್ತ ಕಾದಿರುವವರು ಬಂಧುಬಳಗದಲ್ಲಿದ್ದರೆ ಆದೇಶದ ತಾರೀಕನ್ನು ಒಮ್ಮೆ ತೆಗೆದು ನೋಡಲು ಹೇಳಿ. ಆದೇಶ ಬಾಯಿಮಾತಿನದಾಗಿದ್ದರೆ, ಶಾಖೆಗೆ ಕೊನೆಯದಾಗಿ ಹೋದ ದಿನವನ್ನು ಈಗಲೇ ಬರೆದಿಟ್ಟುಕೊಳ್ಳಲಿ.